ದೊಡವಾಡದಲ್ಲಿ ತವರು ಮಾಡಿಕೊಂಡ ವರ್ಷ

ಒಂದು ತವರುಮನೆ ಮಾಡಿಕೊಳ್ಳಲು ನನಗೆ ಬಿದ್ದ ಬೆಲೆ ಒಂದು ಇಡೀ ಪಂಚಮಿಯ ವ್ಯಾಪಾರ. ಸೀರೆ ಮಾರುವವರಿಗೆ ಪಂಚಮಿ ಅಂದರೆ ಏನೆಂದು ಬೈಲಹೊಂಗಲ, ಸವದತ್ತಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ಗಂಡನ ಮನೆಯಿಂದ ಕರೆತರುತ್ತಾರೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ, ತಿರುಗಿ ಕಳಿಸುವಾಗ ಉಡಿ ತುಂಬಿ ಸೀರೆ ಕೊಡುತ್ತಾರೆ. ಆ ಸೀರೆಗಳನ್ನು ಮಾರುವವಳು ನಾನು. ವರ್ಷವಿಡೀ ತಿರುಗಿದ್ದು ಒಂದು ತೂಕವಾದರೆ ಪಂಚಮಿಯ ಹಿಂದುಮುಂದಿನ ದಿನಗಳದ್ದೇ ಒಂದು ತೂಕ. ಅಂಥ ಸೀಜನ್ನನ್ನು ನಾನು ಕೈಯಾರೆ ಬಿಟ್ಟೆ. ನಷ್ಟವಾಯಿತೆಂದು ಯಾರ ಮುಂದೆಯೂ ಹೇಳಿಲ್ಲ. ದುಬಾರಿಯಾಯಿತು ಎಂದಷ್ಟೇ ಹೇಳುತ್ತೇನೆ. ವ್ಯಾಪಾರ ಗೊತ್ತಿದ್ದವರಿಗೆ ಇವೆರಡರ ನಡುವಿನ ಅಂತರವೂ ಗೊತ್ತಿರುತ್ತದೆ.

ಮೊನ್ನೆ ನಮ್ಮ ಓಣಿಯಲ್ಲಿ ಯಾರದೋ ಮನೆಯಲ್ಲಿ ಬಾಣಂತಿಗೆ ಅಂಟಿನ ಉಂಡಿ ಮಾಡುತ್ತಿದ್ದರು. ತುಪ್ಪದಲ್ಲಿ ಅಂಟು ಅರಳುವ ವಾಸನೆ, ಅದರ ಮೇಲೆ ಉತ್ತತ್ತಿ, ಒಣಕೊಬ್ಬರಿ. ಆ ವಾಸನೆ ಬಂದರೆ ಮಂದಿಗೆ ತೊಟ್ಟಿಲ ಕೂಸಿನ ನೆನಪಾಗುತ್ತದೆ. ನನಗೆ ದೊಡವಾಡದ ನೀಲವ್ವಾಯಿಯ ನೆನಪಾಗುತ್ತದೆ, ತೊಂಬತ್ತರ ದಶಕ ಮುಗಿಯುತ್ತ ಬಂದಾಗಿನ ಒಂದು ಆಷಾಢದ ನೆನಪಾಗುತ್ತದೆ.

ಆಗ ನಾನು ಬೈಲಹೊಂಗಲದಿಂದ ಸೀರೆ ಗಂಟು ಹೊತ್ತು ಊರೂರು ತಿರುಗುತ್ತಿದ್ದೆ. ರಾಮದುರ್ಗಕ್ಕೆ ಹೋಗಿ ನೇಕಾರರ ಮನೆಬಾಗಿಲಲ್ಲೇ ಕುಳಿತು ಮಾಲು ಆರಿಸುವುದು, ಮುರಗೋಡ, ದೊಡವಾಡ, ಕಿತ್ತೂರು ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಮಾರುವುದು. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಮೊದಲು ಮಾರಿದ ಸೀರೆ ನನ್ನ ಮದುವೆಯದೇ. ನಮ್ಮನೆಯವರು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು, ಅರಳೆಯ ಹಂಗಾಮು ಮುಗಿದರೆ ಅವರ ಕೆಲಸವೂ ಮುಗಿಯುತ್ತಿತ್ತು. ಮನೆ ನಡೆಯುವುದು ಗಂಟಿನ ಮೇಲೆ.

ತವರು ಎಂಬುದು ನನಗಿರಲಿಲ್ಲ. ಅವ್ವ ನಾನು ಸಣ್ಣವಳಿದ್ದಾಗ ಹೋದಳು. ಅಪ್ಪ ನನ್ನ ಮದುವೆ ಮಾಡಿ ಸ್ವಲ್ಪ ದಿನಕ್ಕೆ ಹೋದ. ಒಡಹುಟ್ಟಿದವರಿಲ್ಲ. ಮನೋಳಿಯಲ್ಲಿದ್ದ ನಮ್ಮ ಮಣ್ಣಿನ ಮನೆ ಬಿದ್ದು ಅಲ್ಲಿ ಜಾಲಿಕಂಟಿ ಬೆಳೆದಿತ್ತು. ನನ್ನ ಎರಡೂ ಬಾಣಂತನ ಗಂಡನ ಮನೆಯಲ್ಲೇ ಆದವು. ಎರಡನೆಯದರಲ್ಲಿ ಕೂಸಿಗೆ ಹನ್ನೊಂದು ದಿನ ತುಂಬುವ ಮೊದಲೇ ನಾನು ರೊಟ್ಟಿ ಬಡಿಯುತ್ತಿದ್ದೆ. ಇದನ್ನು ದುಃಖಕ್ಕಾಗಿ ಹೇಳುತ್ತಿಲ್ಲ, ಮುಂದಿನದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಇನ್ನೊಂದು ಸಂಗತಿ. ಬುದ್ಧಿ ಹೇಳುವುದು ನನ್ನ ಚಟ. ಸೀರೆ ಬಿಚ್ಚಿ ಹಾಸುತ್ತ ಹಾಸುತ್ತ ಸೊಸೆಯಂದಿರಿಗೆ ಅತ್ತೆಯನ್ನು ಹೇಗೆ ಸಂಭಾಳಿಸಬೇಕೆಂದು ಹೇಳುತ್ತಿದ್ದೆ, ಅತ್ತೆ ಒಳಗಿನಿಂದ ಬಂದರೆ ಸೊಸೆಯನ್ನು ಹೇಗೆ ಸಂಭಾಳಿಸಬೇಕೆಂದು ಹೇಳುತ್ತಿದ್ದೆ. ನಾನು ಹೇಳಿದ್ದು ನಡೆದರೆ ಮುಂದಿನ ಸಲ ಅದೇ ಮನೆಯಲ್ಲಿ ಒಂದು ಸೀರೆ ಹೆಚ್ಚಿಗೆ ಹೋಗುತ್ತಿತ್ತು. ಹೀಗಾಗಿ ಓಣಿಯಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಎಲ್ಲರೂ ನನ್ನನ್ನು ಕೇಳುವವರೇ. ನಾನು ಯಾರನ್ನು ಕೇಳಬೇಕು ಎಂಬ ಪ್ರಶ್ನೆ ಆ ಆಷಾಢದವರೆಗೆ ಬಂದಿರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮೇಲೆ ಗೊತ್ತಾಯಿತು, ನಾನು ಬಸುರಿ ಎಂದು. ಮಗಳು ಸುಜಾತಾ ಪಿಯುಸಿ ಮುಗಿಸಿ ಎರಡು ವರ್ಷವಾಗಿ, ಅವಳಿಗೆ ವರ ನೋಡುತ್ತಿದ್ದೆವು. ಮಗ ಹೈಸ್ಕೂಲಿನಲ್ಲಿದ್ದ. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂತೆಂದುಕೊಂಡು ನಾನು ಸುಮ್ಮನಿದ್ದೆ, ಅಲ್ಲೇ ಲೆಕ್ಕ ತಪ್ಪಿತು. ವರನ ಕಡೆಯವರು ಬಂದು ಕುಳಿತಾಗ, ಅವರ ಮುಂದೆ ಅವಲಕ್ಕಿ ತಟ್ಟೆ ಇಡಲು ಅವ್ವನೇ ಹೊಟ್ಟೆ ಮುಂದೆ ಮಾಡಿಕೊಂಡು ಬಂದರೆ ಹೇಗಿರುತ್ತದೆ? ಯೋಚಿಸಿದರೆ ನನಗೇ ನಗು ಬರುತ್ತಿತ್ತು, ನಗುವಿನ ಹಿಂದೆಯೇ ನಾಚಿಕೆಯೂ.

ಬೈಲಹೊಂಗಲದ ಲೇಡಿ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: "ರಕ್ತ ಕಡಿಮಿ ಐತ್ರಿ. ಇಟ್ಕೊಳ್ಳೂದಾದ್ರ ಗಂಟು ಹೊರೂದು ಇವತ್ತಿಂದ ಬಂದ್. ಬ್ಯಾಡಾದ್ರ ಲಗೂನ ಹೇಳ್ರಿ, ದಿನಾ ದಾಟಿದ್ರ ಕಷ್ಟ. ಎರಡೂ ಆಗತೈತಿ. ಮನಿಯಾಗ ವಿಚಾರ ಮಾಡ್ರಿ."

ಎರಡೂ ಆಗುತ್ತದೆ ಎಂಬುದೇ ನನ್ನನ್ನು ಕೆಡಿಸಿದ ಮಾತು. ಒಂದು ಆಗುವುದಿಲ್ಲ ಎಂದಿದ್ದರೆ ಇನ್ನೊಂದನ್ನು ಮಾಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ.

ಮನೆಯಲ್ಲಿ ವಿಚಾರ ಮಾಡಿದೆವು. ನಮ್ಮನೆಯವರು ಊಟ ಮುಗಿಸಿ ಗಂಗಾಳದಲ್ಲೇ ಕೈ ತೊಳೆದುಕೊಂಡು, ಎಷ್ಟೋ ಹೊತ್ತು ಆ ಕೈಯನ್ನೇ ನೋಡುತ್ತ ಕುಳಿತರು.

"ಏನರ ಅನ್ರಿ" ಅಂದೆ.

"ನೀ ಅಂದಂಗ" ಅಂದರು.

"ನಾ ಏನೂ ಅಂದಿಲ್ಲ ಇನ್ನ."

"ನೀ ಅನ್ನೂತನಕ ತಡೀತೇನಿ."

ಒಳ್ಳೆಯ ಮನುಷ್ಯ. ಹತ್ತಿಯ ಅಂಡಿಗೆಯ ಹಾಗೆ, ಒರಗಿದರೆ ಮೆತ್ತಗಿರುತ್ತಾರೆ, ತಿರುಗಿ ನೂಕುವುದಿಲ್ಲ. ನನಗೆ ಆಗ ಬೇಕಾಗಿದ್ದದ್ದು ಗೋಡೆ.

ಮಠಕ್ಕೆ ಹೋದೆ. ಯಾವ ಮಠ ಎಂದು ಹೇಳುವುದಿಲ್ಲ, ನಮ್ಮ ಕಡೆ ಮಠಕ್ಕೇನು ಬರವಿಲ್ಲ. ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ಸಮಾಧಾನದ ಮನುಷ್ಯರು, ಎಲ್ಲರ ಮಾತನ್ನೂ ಕೇಳುತ್ತಿದ್ದರು. ಆದರೆ ಪಾಳಿ ಬಂದು ಎದುರು ಕುಳಿತಾಗ ನನ್ನ ಬೆನ್ನಿಗೆ ಹತ್ತಿಕೊಂಡು ಮುರಗೋಡದ ನನ್ನ ಗಿರಾಕಿಯೊಬ್ಬಳು, ಅವಳ ಪಕ್ಕದಲ್ಲಿ ಅವಳ ನಾದಿನಿ. ಇಂಥದ್ದನ್ನು ಬಾಯಿಬಿಟ್ಟು ಹೇಗೆ ಹೇಳುವುದು? "ಪಂಚಮಿ ವ್ಯಾಪಾರ ಹೆಂಗಾಗತೈತ್ರಿ ಅಜ್ಜಾರ?" ಎಂದು ಕೇಳಿಬಿಟ್ಟೆ. "ಚಲೋ ಆಗತೈತಿ ಹೋಗವ್ವ" ಎಂದು ವಿಭೂತಿ ಹಚ್ಚಿದರು. ಹೊರಗೆ ಬಂದರೆ ಅದೇ ಗಿರಾಕಿ, ನಾದಿನಿಯನ್ನು ಮುಂದೆ ಕಳಿಸಿ, ಚಪ್ಪಲಿ ಮೆಟ್ಟಿಕೊಳ್ಳುತ್ತ ನನ್ನ ಸೆರಗು ಹಿಡಿದಳು.

"ಮಾದೇವಕ್ಕ, ಅಜ್ಜಾರನ್ನ ಕೇಳಾಕ ನಾಚಿಕಿ ಆತು. ನೀನ ಹೇಳು, ನಾದಿನಿನ್ನ ಇನ್ನ ಎಷ್ಟ ದಿನ ಇಟ್ಕೊಳ್ಲಿ?"

ಅಲ್ಲೇ ನಿಂತು ಅವಳಿಗೆ ಮಾಡಬೇಕಾದದ್ದನ್ನೆಲ್ಲ ಹೇಳಿದೆ. ಅವಳು ಹಗುರಾಗಿ ಹೋದಳು. ನಾನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ನನ್ನಂಥವಳೇ ಒಬ್ಬಳು ನನಗೆ ಸಿಕ್ಕಿದ್ದರೆ ಎಂದುಕೊಂಡೆ. ಆಮೇಲೆ ತಿಳಿಯಿತು, ನನ್ನಂಥವಳು ಬೇಡ. ನನ್ನಂಥವರು ಬಾಯಿ ತೆರೆಯುವ ಮೊದಲೇ ಉತ್ತರ ಕಟ್ಟಿಟ್ಟಿರುತ್ತಾರೆ.

ಆಗ ನೆನಪಾದದ್ದು ನೀಲವ್ವಾಯಿ.

ದೊಡವಾಡದಲ್ಲಿ ಆಕೆಯ ಮನೆಯ ಕಟ್ಟೆ ಖಾಲಿ ಇದ್ದದ್ದನ್ನು ನಾನು ನೋಡಿರಲಿಲ್ಲ. ಗಂಡ ತೀರಿ ಬಹಳ ವರ್ಷವಾಗಿತ್ತು. ಒಬ್ಬ ಮಗ, ಸೊಸೆ ಕಸ್ತೂರಿ, ಹೊಲ, ಎಮ್ಮೆ. ಊರ ಹೆಂಗಸರು ಬಂದು ಕುಳಿತು ಏನೇನೋ ಹೇಳುತ್ತಿದ್ದರು, ಆಯಿ ಮೊರದಲ್ಲಿ ಕಾಳು ಆರಿಸುತ್ತ ಕೇಳುತ್ತಿದ್ದರು. ಬಂದಾಗಿನ ಮುಖ ಎದ್ದು ಹೋಗುವಾಗ ಇರುತ್ತಿರಲಿಲ್ಲ. ನಾನು ಅದನ್ನು ಓರೆಗಣ್ಣಿನಿಂದ ನೋಡುತ್ತಿದ್ದೆ. ಆದರೆ ನನಗೂ ಆಕೆಗೂ ಇದ್ದ ಸಂಬಂಧ ಚೌಕಾಸಿಯದು ಮಾತ್ರ. ಸೀರೆಯ ಅಂಚಿನ ದಡಿ ಹಿಡಿದು "ಸಣ್ಣದಾತು" ಅನ್ನುವರು. ಸೆರಗು ಹಿಡಿದು "ದೊಡ್ಡದಾತು" ಅನ್ನುವರು. ಬೇಡವೆಂದು ಪಕ್ಕಕ್ಕಿಟ್ಟು, ನಾನು ಗಂಟು ಕಟ್ಟುವಾಗ ಆ ಸೀರೆಯ ಮೇಲೆ ಕೈಯೂರಿ ಕುಳಿತಿರುವರು. ನನ್ನ ಸುತ್ತಿನಲ್ಲಿ ನನಗೆ ಸಮಸಮ ಬರುತ್ತಿದ್ದ ಗಿರಾಕಿ ಆಕೆಯೊಬ್ಬರೇ. ವರ್ಷಗಟ್ಟಲೆ ಹೋದರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಸೀರ್ಯಾಕಿ" ಎಂದೇ ಕರೆಯುತ್ತಿದ್ದರು.

ಹಾಗೆಯೇ ಹೋಗಿ ಕೇಳಲು ಮನಸ್ಸು ಒಪ್ಪಲಿಲ್ಲ. ಪುಕ್ಕಟೆ ಸಿಕ್ಕದ್ದು ಬಾಳಿಕೆ ಬರುವುದಿಲ್ಲ ಎಂದು ನಂಬಿದವಳು ನಾನು. ಪಂಚಮಿಗೆಂದು ತಂದ ಮಾಲಿನಲ್ಲಿ ಎಲ್ಲಕ್ಕಿಂತ ಚಲೋ ಸೀರೆ, ಕಡುಹಸಿರು ಒಡಲು, ದಾಳಿಂಬೆ ಬಣ್ಣದ ದಡಿ, ಅದೊಂದನ್ನೇ ಚೀಲದಲ್ಲಿಟ್ಟುಕೊಂಡು ದೊಡವಾಡದ ಬಸ್ಸು ಹತ್ತಿದೆ. ಆಷಾಢದ ಗಾಳಿ ಬಸ್ಸಿನ ಕಿಟಕಿಗಳನ್ನು ಗಡಗಡ ಅಲ್ಲಾಡಿಸುತ್ತಿತ್ತು. ಜಿಟಿಜಿಟಿ ಮಳೆ. ಹೊಲಗಳಲ್ಲಿ ಹೆಸರು ಎರಡೆಲೆ ಬಿಟ್ಟು ನಿಂತಿತ್ತು. ಇಳಿದು ನಡೆದರೆ ಎರೆಮಣ್ಣು ಹೆಜ್ಜೆಹೆಜ್ಜೆಗೆ ಚಪ್ಪಲಿಗೆ ಹತ್ತಿಕೊಂಡು, ಮನೆ ಮುಟ್ಟುವ ಹೊತ್ತಿಗೆ ನಾನು ನಾಲ್ಕು ಬೆರಳು ಎತ್ತರವಾಗಿದ್ದೆ.

ಮಳೆಯ ಕಾರಣಕ್ಕೆ ಅಂದು ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಆಯಿ ಪಡಸಾಲೆಯಲ್ಲಿ ಕಾಳು ಆರಿಸುತ್ತಿದ್ದರು.

"ಏನ ಸೀರ್ಯಾಕೀ, ಗಂಟೆಲ್ಲಿ?"

"ಇವತ್ತ ಗಂಟಿಲ್ರಿ ಆಯಿ. ನಿಮಗಂತ ಒಂದ ತಂದೇನಿ."

ಸೀರೆ ಮುಂದಿಟ್ಟೆ. ಬೆರಳಿನಿಂದ ದಡಿ ತಿಕ್ಕಿ ನೋಡಿದರು. "ನೂಲು ಚಲೋ ಐತಿ. ಏನ ಹೇಳ್ತಿ?"

"ಏನೂ ಹೇಳಂಗಿಲ್ರಿ. ಉಟ್ಕೋರಿ."

ಆಯಿ ಸೀರೆಯನ್ನು ಮಡಿಕೆ ಕೆಡದಂತೆ ನನ್ನ ಕಡೆ ಸರಿಸಿದರು. "ರೇಟ್ ಹೇಳದ ಸೀರಿ ಭಾಳ ತುಟ್ಟಿ ಇರತಾವು. ಏನ ಬೇಕಾಗೇತಿ, ಅದನ್ನ ಹೇಳು."

ನಾನು ಒಳಬಾಗಿಲ ಕಡೆ ನೋಡಿದೆ. ಕಸ್ತೂರಿಯ ಬಳೆ ಸದ್ದು ನಿಂತಿತ್ತು, ಅಂದರೆ ಕಿವಿ ಇತ್ತ ಇತ್ತು. ಆಯಿ ಕೂಗಿದರು, "ಕಸ್ತೂರಿ, ಹಿತ್ತಲದಾಗ ಎಮ್ಮಿ ಕಟ್ಟೇತಿಲ್ಲ ನೋಡ್ವಾ."

"ಕಟ್ಟೇತ್ರಿ ಅತ್ತಿ, ಈಗ ನೋಡಿ ಬಂದೇನಿ."

"ಇನ್ನೊಮ್ಮಿ ನೋಡು. ಕಣ್ಣಿ ಗಟ್ಟಿ ಐತಿಲ್ಲ ಅದನ್ನೂ ನೋಡು."

ಕಸ್ತೂರಿ ಕಾಲು ಅಪ್ಪಳಿಸುತ್ತ ಹಿತ್ತಲಿಗೆ ಹೋದಳು. ನಾನು ಹೇಳಿದೆ. ಬಸುರು, ಮಗಳ ವರ, ಡಾಕ್ಟರ ಮಾತು, ಗಂಟು, ಗಂಡ ಎಲ್ಲ ಹೇಳಿದೆ. ಆಯಿಯ ಕೈ ಮೊರದಲ್ಲಿ ಆಡುತ್ತಲೇ ಇತ್ತು. ಕಲ್ಲುಹಳ್ಳು ಒಂದು ಕಡೆ, ಕಾಳು ಒಂದು ಕಡೆ.

"ನೀವು ಹೇಳಿದಂಗ ಮಾಡತೇನ್ರಿ ಆಯಿ. ಇಟ್ಕೋ ಅಂದ್ರ ಇಟ್ಕೊಳ್ತೇನಿ. ಬ್ಯಾಡಂದ್ರ ಬ್ಯಾಡ."

ಆಯಿ ಮೊದಲ ಸಲ ತಲೆ ಎತ್ತಿದರು. "ಇಷ್ಟ ವರ್ಸಾತು ನಿನ್ನ ಕಡೆ ಸೀರಿ ತಗೊಳ್ಳಾಕ ಹತ್ತಿ. ನಾ ಹೇಳಿದ ರೇಟಿಗೆ ಒಂದರ ಕೊಟ್ಟಿಯೇನು? ಇವತ್ತ ನಾ ಹೇಳಿದಂಗ ಮಾಡ್ತಿ?"

"ಚ್ಯಾಷ್ಟಿ ಮಾಡಬ್ಯಾಡ್ರಿ."

"ಚ್ಯಾಷ್ಟಿ ಅಲ್ಲವ್ವ. ಇಟ್ಕೋ ಅಂದ್ನಿ ಅಂತ ತಿಳಿ, ಹಡಿಯಾಕಿ ನೀ. ಬ್ಯಾಡಂದ್ನಿ ಅಂತ ತಿಳಿ, ಮಲಗಾಕಿ ನೀ. ನಾಳೆ ಯಾವದರ ನೋವಾದ್ರ ನೀಲವ್ವ ಹೇಳಿದ್ಲು ಅಂತಿ. ನಿನ್ನ ನೋವಿಗೆ ನನ್ನ ಹೆಸರ್ಯಾಕ?"

ನನಗೆ ಸಿಟ್ಟು ಬಂತು. ಇಷ್ಟು ಮಣ್ಣು ತುಳಿದು ಬಂದದ್ದು ಇದಕ್ಕೇನು? ಸೀರೆ ಚೀಲಕ್ಕೆ ಹಾಕಿಕೊಳ್ಳಲು ಕೈಚಾಚಿದೆ. ಅಷ್ಟರಲ್ಲಿ ಆಯಿ ಕೇಳಿದರು, ಎಮ್ಮೆಯ ಬಗ್ಗೆ ಕೇಳಿದಷ್ಟೇ ಸಹಜವಾಗಿ:

"ಇಟ್ಕೊಂಡ್ರ, ಹಡದ ಮ್ಯಾಲ ನಿನಗ ನೀರ ಎರಿಯಾಕ ಯಾರದಾರ?"

"ಯಾರಿಲ್ರಿ."

"ತಗಸಿದ್ರ, ದವಾಖಾನಿಯಿಂದ ಎಲ್ಲಿಗೆ ಹೋಗ್ತಿ?"

"ಮನಿಗ್ರಿ."

"ಮನಿಗೆ ಹೋಗಿ?"

"ಅಡಗಿ ಮಾಡಬೇಕಲ್ರಿ."

"ಮರದಿನ?"

"ರಾಮದುರ್ಗಕ್ಕ. ಪಂಚಮಿ ಮಾಲು ಇನ್ನೂ ಅರ್ಧ ತರೂದೈತಿ."

ಆಯಿ ಮೊರ ಕೆಳಗಿಟ್ಟರು. "ಇಲ್ಲಿ ಬಾ" ಅಂದರು. "ಇಟ್ಕೊಂಡ್ರ ಹಡಿಯಾಕ ಇಲ್ಲಿ ಬಾ. ತಗಸಿದ್ರ ದವಾಖಾನಿಯಿಂದ ಸೀದಾ ಇಲ್ಲಿ ಬಾ. ಯಾವದರ ಮಾಡು. ಎರಡಕ್ಕೂ ನೀರ ಕಾಸತೇನಿ."

ನಾನು ಬಹಳ ವ್ಯವಹಾರ ನೋಡಿದವಳು. ಯಾರಾದರೂ ಏನಾದರೂ ಕೊಡುತ್ತೇನೆಂದರೆ ಮೊದಲು ಅದರ ಹಿಂದಿನ ಮಗ್ಗುಲು ತಿರುಗಿಸಿ ನೋಡುತ್ತೇನೆ. ಇದನ್ನೂ ತಿರುಗಿಸಿ ನೋಡಿದೆ. ಆಕೆಗೆ ಇದರಲ್ಲಿ ಏನೂ ಗಿಟ್ಟುವಂತಿರಲಿಲ್ಲ. ಸೊಸೆಯ ಮುಖ ಗಂಟಿಕ್ಕುವುದೊಂದೇ ಗಿಟ್ಟುವುದು.

"ಮತ್ತ ಈ ಸೀರಿ?" ಅಂದೆ.

"ತಗೊಂಡ ಹೋಗು. ಮಗಳಾಗಾಕ ಬಂದಾಕಿ ತವರಿಗೆ ಸೀರಿ ತಂದ್ರ ಮಂದಿ ನಗತಾರು, ಹುಚ್ಚಿ."

ತವರು ಮಾಡಿಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ದಿಕ್ಕಿಲ್ಲದ ಹೆಣ್ಣುಮಗಳು ಯಾರದಾದರೂ ಮನೆಯನ್ನು ಧರ್ಮದ ತವರು ಮಾಡಿಕೊಂಡು ಪಂಚಮಿಗೆ ಹೋಗಿ ಬರುವುದುಂಟು. ಆದರೆ ಅದನ್ನು ಕೇಳಿ ಪಡೆಯಬೇಕು, ಮಾತಾಡಿ ಒಪ್ಪಿಸಬೇಕು ಎಂದು ನಾನು ತಿಳಿದಿದ್ದೆ. ಹೀಗೆ ಮೊರ ಕೆಳಗಿಡುವಷ್ಟು ಹೊತ್ತಿನಲ್ಲಿ ಆಗಿಬಿಡುತ್ತದೆಂದು ಗೊತ್ತಿರಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ನಿರ್ಧಾರವಾಯಿತು. ಇದನ್ನು ಸರಿಯಾಗಿ ಹೇಳಬೇಕು. ಆಯಿ ನನಗೆ ಏನೂ ಸೂಚಿಸಲಿಲ್ಲ. ಆದರೆ ಅಲ್ಲಿಯವರೆಗೆ ಒಂದು ದಾರಿಯ ಕೊನೆಯಲ್ಲಿ ಒಬ್ಬಳೇ ಬಾಣಂತಿ, ಇನ್ನೊಂದರ ಕೊನೆಯಲ್ಲಿ ಒಬ್ಬಳೇ ರೋಗಿ ಕಾಣುತ್ತಿದ್ದಳು. ಆ ಒಂಟಿತನಕ್ಕೆ ಹೆದರಿ ನಾನು ಯಾವ ಕಡೆಗೂ ಹೆಜ್ಜೆ ಇಟ್ಟಿರಲಿಲ್ಲ. ಎರಡೂ ಕೊನೆಯಲ್ಲಿ ಒಂದೇ ಮನೆ, ಒಂದೇ ಹಂಡೆ ನೀರು ಎಂದಾದ ಮೇಲೆ ಉಳಿದದ್ದು ನನ್ನ ಮೈ, ನನ್ನ ಮನೆ, ನನ್ನ ಮನಸ್ಸು. ಅವುಗಳನ್ನು ನೋಡಿದೆ. ಬೇಡ ಎಂದು ತಿಳಿಯಿತು. ಬೇರೊಬ್ಬಳಿಗೆ ಬೇಕು ಎಂದು ತಿಳಿಯಬಹುದಿತ್ತು, ಅದೂ ಸರಿಯೇ.

ಮನೆಯಲ್ಲಿ ಹೇಳಿದೆ. ನಮ್ಮನೆಯವರು ತಲೆಯಾಡಿಸಿದರು. ಅವರೇ ಧಾರವಾಡದ ದವಾಖಾನೆಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಪಾಳಿಗಾಗಿ ಕುಳಿತಿದ್ದಾಗ, ಎದುರಿನ ಗೋಡೆಗೆ ಹೇಳುವಂತೆ ಹೇಳಿದರು:

"ನನಗೂ ಯಾರನರ ಕೇಳಬೇಕು ಅನಿಸಿತ್ತು."

"ಕೇಳಬೇಕಿತ್ತಲ್ಲ?"

"ಯಾರನ್ನ ಕೇಳ್ಲಿ? ನಾ ಯಾವಾಗಲೂ ನಿನ್ನ ಕೇಳಾಂವ."

ಇಷ್ಟು ವರ್ಷದ ಸಂಸಾರದಲ್ಲಿ ಆ ಮನುಷ್ಯನೂ ನನ್ನಂತೆಯೇ ಕಟ್ಟೆ ಹುಡುಕುತ್ತಿರಬಹುದೆಂದು ನನಗೆ ಹೊಳೆದಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ದವಾಖಾನೆಯಲ್ಲಿ ಹಾಗೆಲ್ಲ ಕೈ ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತಿಗೆ ಬಿಟ್ಟುಬಿಟ್ಟೆವು.

ಮರುದಿನ ಧಾರವಾಡದಿಂದ ದೊಡವಾಡಕ್ಕೆ ಬಂದೆವು. ಮೊದಲೇ ಹೇಳಿ ಕಳಿಸಿದ್ದರಿಂದ ಬಸ್ ಸ್ಟ್ಯಾಂಡಿಗೆ ಆಯಿಯ ಮಗ ಚಕ್ಕಡಿ ತಂದು, ಒಳಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ನಿಂತಿದ್ದ. ನನ್ನ ಮುಖ ನೋಡಲು ನಾಚಿ ಎತ್ತಿನ ಜೊತೆ ಮಾತಾಡುತ್ತಿದ್ದ. ನಮ್ಮನೆಯವರು ಕಟ್ಟೆಯ ಮೇಲೆ ಚಹಾ ಕುಡಿದು, "ಬರತೇನ್ರಿ, ಮಕ್ಕಳಿಬ್ಬರ ಅದಾರ" ಎಂದು ಎದ್ದರು. ಆಯಿ ಅವರಿಗೆ "ಪಂಚಮಿ ಮುಗಿಸಿ ಕಳಸತೇವಪ್ಪಾ" ಅಂದರು. ಹೆಂಡತಿಯನ್ನು ತವರಿಗೆ ಬಿಟ್ಟು ಹೋಗುವ ಅಳಿಯನಿಗೆ ಹೇಳುವ ಮಾತು ಅದು. ಅವರೂ ಅಳಿಯನ ಹಾಗೆಯೇ ತಲೆತಗ್ಗಿಸಿ "ಹೂನ್ರಿ" ಅಂದರು.

ಮೊದಲ ದಿನ ಮಲಗಿದೆ. ಎರಡನೆಯ ದಿನ ಆಯಿ ಎಣ್ಣೆ ಹಚ್ಚಿ, ಕುದಿಯುವಂಥ ನೀರು ಎರೆದರು. ತಲೆಗೆ ಬಟ್ಟೆ ಕಟ್ಟಿ, ಕೆಂಡದ ಮೇಲೆ ಅಜಿವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಹಿಡಿದರು. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಬಾಣಂತಿಗೆ ಏನೇನು ಮಾಡುತ್ತಾರೋ ಒಂದೂ ಬಿಡಲಿಲ್ಲ. ನಾನು ಬೇಡವೆಂದರೆ, "ಸುಮ್ನ ಕುಂಡ್ರು. ಹೊಟ್ಟಿ ಬರೇದಾಗೇತಿ, ಗಾಳಿ ಹೊಗತೈತಿ" ಅನ್ನುವರು. ಅಡುಗೆಮನೆಯಲ್ಲಿ ಅಂಟು ಹುರಿಯುವ ವಾಸನೆ ಎದ್ದಾಗ ಕಸ್ತೂರಿಗೆ ತಡೆಯಲಾಗಲಿಲ್ಲ. ಅವಳ ತಂಗಿಯ ಬಾಣಂತನಕ್ಕೆ ಕಳಿಸಬೇಕೆಂದು ಕೂಡಿಟ್ಟಿದ್ದ ಉತ್ತತ್ತಿ, ಅಂಟು ಅದು.

"ಏನ್ರಿ ಅತ್ತಿ ಇದು? ಕೂಸಿಲ್ಲದ ಬಾಣಂತನ ಎಲ್ಲ್ಯರ ಕೇಳಿರೇನು? ಅಂ‍ಟಿನ ಉಂಡಿ ಕೂಸ ಹಡದಾಕಿಗೆ ಕೊಡತಾರು."

ಅದು ನನಗೆ ಕೇಳಲೆಂದೇ ಆಡಿದ ಮಾತು. ಹೊರಸಿನ ಮೇಲೆ ಗೋಡೆಯ ಕಡೆ ಹೊರಳಿದೆ. ಎದ್ದು ಬೈಲಹೊಂಗಲದ ಬಸ್ಸು ಹಿಡಿಯಲು ಮೈಯಲ್ಲಿ ಶಕ್ತಿಯಿದ್ದಿದ್ದರೆ ಹೊರಟೇಬಿಡುತ್ತಿದ್ದೆ.

ಆಯಿಯ ದನಿ ಏರಲಿಲ್ಲ. "ಕೂಸು ಹಡದಾಕಿಗೆ ಕೂಸರ ಇರತೈತಿ, ಕಸ್ತೂರಿ. ಈಕಿಗೆ ಉಂಡಿನರ ಬ್ಯಾಡೇನು?"

ಒಳಗೆ ಕೊಬ್ಬರಿ ಹೆರೆಯುವ ಸದ್ದು ಶುರುವಾಯಿತು. ಉಂಡಿಯನ್ನು ತಟ್ಟೆಯಲ್ಲಿಟ್ಟು ತಂದುಕೊಟ್ಟವಳು ಕಸ್ತೂರಿಯೇ. ತಟ್ಟೆಯನ್ನು ಕೈಗೇ ಕೊಟ್ಟಳು, ನೆಲದ ಮೇಲೆ ಇಡಲಿಲ್ಲ. ನಾನು ಉಂಡಿ ಕಚ್ಚಿದೆ. ಅಗಿಯುತ್ತಿದ್ದಂತೆ ಕಣ್ಣಿನಿಂದ ನೀರು ಇಳಿಯತೊಡಗಿತು. ತಡೆಯಲು ನೋಡಿದರೂ ನಿಲ್ಲಲಿಲ್ಲ. ಆಯಿ ಹತ್ತಿರ ಕುಳಿತಿದ್ದರು. "ಅಂಟು ಹಲ್ಲಿಗೆ ಹತ್ತತೈತಿ. ಸಾವಕಾಶ ತಿನ್ನು ಮಾದೇವಿ" ಅಂದರು. ಅವರಿಗೆ ನನ್ನ ಹೆಸರು ಗೊತ್ತಿತ್ತು ಎಂಬುದು ನನಗೆ ಗೊತ್ತಾದದ್ದು ಆಗ.

ಒಂದು ಸಲ ಕೇಳಿಯೂ ಬಿಟ್ಟೆ, "ಆಯಿ, ನಾ ಮಾಡಿದ್ದು ಬರೋಬ್ಬರಿ ಆತೇನ್ರಿ?"

"ನೀರ ಕಾದೈತಿ, ಏಳು" ಅಂದರು.

ಅತ್ತ ಬೈಲಹೊಂಗಲದಲ್ಲಿ ಪಂಚಮಿ ಪ್ಯಾಟಿ ಜೋರಾಗಿತ್ತು. ನನ್ನ ಗಿರಾಕಿಗಳೆಲ್ಲ ಅಂಗಡಿಗಳಿಗೆ ಹೋದರು, ಕೆಲವರು ಮುಂದೆ ತಿರುಗಿ ಬರಲೇ ಇಲ್ಲ. ಅದು ನನಗೆ ಮಲಗಿದಲ್ಲಿಂದಲೇ ಗೊತ್ತಿತ್ತು. ಒಂದೊಂದು ದಿನ ಕಳೆದಂತೆ ಯಾವ ಊರು ಕೈಬಿಟ್ಟಿತು ಎಂದು ಮನಸ್ಸು ತಾನಾಗಿ ಎಣಿಸುತ್ತಿತ್ತು. ಎದ್ದು ಹೋಗಬೇಕೆಂದು ಮಾತ್ರ ಅನ್ನಿಸಲಿಲ್ಲ.

ಪಂಚಮಿ ಬಂತು. ಓಣಿಯ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ತವರಿಗೆ ಬಂದ ಹೆಣ್ಣುಮಕ್ಕಳು ಕಿರುಚುತ್ತ ಜೀಕುತ್ತಿದ್ದರು. "ನೀ ಹತ್ತಬ್ಯಾಡ" ಎಂದು ಆಯಿ ನನಗೆ ಕಟ್ಟೆಯ ಮೇಲೆ ಚಾಪೆ ಹಾಕಿಕೊಟ್ಟರು. ಹೊರಡುವ ದಿನ ಉಡಿ ತುಂಬಬೇಕು. ಆಯಿ ದೂರ ಸರಿದು, "ನಾ ತುಂಬಬಾರದು, ನೀ ತುಂಬು" ಎಂದು ಕಸ್ತೂರಿಗೆ ಹೇಳಿದರು. ಕಸ್ತೂರಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ, ಎಲೆ ಹಾಕಿ ಉಡಿ ತುಂಬಿದಳು. ಆಮೇಲೆ ಆಯಿ ಕಾಗದದಲ್ಲಿ ಸುತ್ತಿದ್ದ ಸೀರೆಯೊಂದನ್ನು ಅವಳ ಕೈಗೆ ಕೊಟ್ಟರು. ಅದು ನನ್ನ ಕೈಗೆ ಬಂತು.

ನನ್ನ ಹತ್ತಿರ ಕೊಳ್ಳುವಂತಿರಲಿಲ್ಲ, ಕೊಂಡರೆ ಅದು ತವರಿನ ಸೀರೆಯಾಗುವುದಿಲ್ಲ. ಅದಕ್ಕೆ ಮಗನನ್ನು ಬೈಲಹೊಂಗಲಕ್ಕೆ ಕಳಿಸಿ ಅಂಗಡಿಯಿಂದ ತರಿಸಿದ್ದರು. ಬೆರಳು ತಾಗಿದೊಡನೆ ತಿಳಿಯಿತು, ಅಂಗಡಿಯವರು ನೂಲಿನದೆಂದು ಹೇಳಿ ಮಿಶ್ರಣದ ಮಾಲು ಕೊಟ್ಟು ಟೋಪಿ ಹಾಕಿದ್ದರು. ಎರಡು ಸಲ ನೀರಿಗೆ ಬಿದ್ದರೆ ದಡಿಯ ಬಣ್ಣ ಒಡಲಿಗೆ ಇಳಿಯುವುದು ಖಂಡಿತ. ಆಯಿ ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಸೀರೆಗಳನ್ನು ಅಷ್ಟೆಲ್ಲ ಜರೆದವರು.

"ಹೆಂಗೈತಿ?"

"ಭಾಳ ಚಲೋ ಐತ್ರಿ" ಅಂದೆ.

"ನಿನ್ನಕಿಂತ ಸೋವಿ ಸಿಕ್ತು" ಅಂದರು, ಹೆಮ್ಮೆಯಿಂದ.

ನಾನು ಬಾಯಿ ಮುಚ್ಚಿಕೊಂಡೆ. ಸೀರೆಯ ವಿಷಯದಲ್ಲಿ ಜೀವನದಲ್ಲಿ ಅದೊಂದೇ ಸಲ.

ಮುಂದಿನ ಬೇಸಿಗೆಯಲ್ಲಿ ಸುಜಾತಾಳ ಮದುವೆಯಾಯಿತು. ಆಯಿಯ ಮನೆಯವರು ತವರಿನವರ ಸಾಲಿನಲ್ಲಿ ಕುಳಿತು ಮುಯ್ಯಿ ಮಾಡಿದರು. ಆಮೇಲಿನ ಪಂಚಮಿಗಳಿಗೆ ಆಯಿಯ ಮಗ ನನ್ನನ್ನು ಕರೆಯಲು ಬರುತ್ತಿದ್ದ, ಸೀಜನ್ ಮುಗಿಸಿ ಕಡೆಯ ದಿನಕ್ಕೆ ಹೋಗಿ ಬರುತ್ತಿದ್ದೆ. ನಮ್ಮ ಚೌಕಾಸಿ ನಿಂತಿತೆಂದು ತಿಳಿಯಬೇಡಿ, ಇನ್ನೂ ಬಿಗಿಯಾಯಿತು. "ಮಗಳಾಗಿ ಇಷ್ಟ ಹೇಳ್ತಿ?" ಅನ್ನುವರು. "ತಾಯಾಗಿ ಇಷ್ಟ ಕಡಿಮಿ ಕೇಳ್ತೀರೇನ್ರಿ?" ಅನ್ನುತ್ತಿದ್ದೆ. ಹೊಸ ಶತಮಾನ ಬಂದು ನಾಲ್ಕಾರು ವರ್ಷಕ್ಕೆ ಆಯಿ ತೀರಿಕೊಂಡರು. ಸುದ್ದಿ ಕೇಳಿ ಹೋಗಿ ಊರ ಹೆಂಗಸರ ನಡುವೆ ಕುಳಿತಿದ್ದೆ. ಕಸ್ತೂರಿ ಬಂದು ರಟ್ಟೆ ಹಿಡಿದು ಎಬ್ಬಿಸಿ, "ಮಗಳಾದಾಕಿ ಅಲ್ಲ್ಯಾಕ ಕುಂಡರ್ತಿ, ವೈನಿ?" ಎಂದು ಗಂಡನ ಅಕ್ಕನನ್ನು ಕರೆಯುವಂತೆ ಕರೆದು, ಆಯಿಯ ತಲೆದೆಸೆಗೆ ಕರೆದೊಯ್ದಳು.

ಆ ಕೂಸು ಇದ್ದಿದ್ದರೆ ಈಗ ಎಷ್ಟು ದೊಡ್ಡದಾಗಿರುತ್ತಿತ್ತು ಎಂದು ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಎಲ್ಲದರ ಲೆಕ್ಕ ಹಾಕುವವಳು ಇದರದ್ದನ್ನು ಬಿಟ್ಟೇನೆ? ಲೆಕ್ಕ ಹಾಕಿ ಕೆಲಸಕ್ಕೆ ಹೋಗುತ್ತೇನೆ.

ಈಗ ನಿಮಗೆ ನಾಲ್ಕು ಮಾತು, ಹೇಳದೆ ಬಿಡುವವಳಲ್ಲ ನಾನು. ಕಷ್ಟದ ವಿಚಾರ ಕೇಳಲು ಹೋಗುವಾಗ ಕೈಯಲ್ಲಿ ಏನೂ ಒಯ್ಯಬೇಡಿ, ಒಯ್ದರೆ ಅದರದ್ದೇ ಮಾತಾಗುತ್ತದೆ. ಮಂದಿ ಕೂಡಿದಲ್ಲಿ ಕೇಳಬೇಡಿ, ಮಳೆ ಬರುವ ದಿನ ನೋಡಿಕೊಂಡು ಹೋಗಿ. ಒಂದೇ ಬಸ್ಸಿನಲ್ಲಿ ಹೋಗಿ ಬರಲು ಸಾಧ್ಯವಾಗುವ ಊರಿನವರನ್ನು ಹಿಡಿಯಿರಿ, ದೂರದ ಜಾಣರು ಕಾಯಿಲೆಯ ದಿನಕ್ಕೆ ಒದಗುವುದಿಲ್ಲ. ಮನೆಯಲ್ಲಿ ಮಾತಾಡದ ಗಂಡನೋ ಹೆಂಡತಿಯೋ ಇದ್ದರೆ, ಅವರಿಗೂ ಕೇಳಲು ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ವಿಚಾರಿಸಿ. "ಹೀಗೆ ಮಾಡು" ಎಂದು ತಟ್ಟನೆ ಹೇಳುವವರ ಮಾತನ್ನು ಅರ್ಧಕ್ಕೆ ತೆಗೆದುಕೊಳ್ಳಿ, ನನ್ನದನ್ನೂ. ಹೇಗೆ ಮಾಡಿದರೂ ಬಾಗಿಲು ತೆರೆಯುತ್ತೇನೆ ಎನ್ನುವವರು ಸಿಕ್ಕರೆ ಚೌಕಾಸಿ ಮಾಡಬೇಡಿ, ಹೂಂ ಎನ್ನಿ. ಇನ್ನು ನಿಮ್ಮ ಕಟ್ಟೆಗೇ ಯಾರಾದರೂ ಬಂದು ಕುಳಿತರೆ, ನಾಲಿಗೆಯನ್ನು ಹಲ್ಲಿನೊಳಗೆ ಹಿಡಿದುಕೊಂಡು ಮೊದಲು ಮನೆಯಲ್ಲಿ ಒಂದು ಹಾಸಿಗೆ ಹೆಚ್ಚಿಗೆ ಇದೆಯೇ ನೋಡಿಕೊಳ್ಳಿ. ಇದ್ದರೆ, ಯಾವ ಬಸ್ಸಿಗೆ ಬರುತ್ತಿ ಎಂದು ಕೇಳಿ. ಇಲ್ಲದಿದ್ದರೆ ಇಲ್ಲವೆಂದು ಹೇಳಿ ಚಹಾ ಕೊಡಿ. ಬರೀ ಬುದ್ಧಿ ಹೇಳಿ ಮಾತ್ರ ಕಳಿಸಬೇಡಿ.